ಕಾಣದೆ ಸೋರಿದ ನೀರು

ಕೊಡದಲ್ಲಿ ತುಂಬಿಟ್ಟ ನೀರು ಕಡಿಮೆಯಾದರೆ ನೀವು ಏನು ಮಾಡುತ್ತೀರಿ? ಮೊದಲು ಕೊಡದ ತಳ ಮುಟ್ಟಿ ನೋಡುತ್ತೀರಿ. ಅಲ್ಲಿ ಒದ್ದೆಯಿಲ್ಲದಿದ್ದರೆ ಯಾರು ಬಳಸಿದರು ಎಂದು ಮನೆಯವರನ್ನು ಕೇಳುತ್ತೀರಿ. ತಳವೂ ಒಣಗಿದೆ, ಯಾರೂ ಬಳಸಿಲ್ಲ ಎಂದಾದರೆ? ಆಗ ನಮ್ಮ ಮನಸ್ಸು ಯಾರಾದರೊಬ್ಬರ ಮೇಲೆ ಅನುಮಾನ ಪಡಲು ತೊಡಗುತ್ತದೆ. ಹುಡುಕುವುದು ಕಷ್ಟ, ಅನುಮಾನ ಪಡುವುದು ಸುಲಭ.

ನಮ್ಮ ಮನೆಯ ಹಳೆಯ ಕಾರೊಂದರಲ್ಲಿ ಕೆಲವು ತಿಂಗಳು ನೀರು ಹೀಗೆಯೇ ಮಾಯವಾಗುತ್ತಿತ್ತು. ಅದರಿಂದ ನಾವು ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಕಾರಿನ ವಿಷಯ ಗಂಡಸರಿಗೆ ಸೇರಿದ್ದೆಂದು ದಯವಿಟ್ಟು ಪುಟ ತಿರುಗಿಸಬೇಡಿ. ಈ ಸೋರಿಕೆಯ ಸುಳಿವು ಹಿಡಿದದ್ದು ಜೀವನದಲ್ಲಿ ಒಮ್ಮೆಯೂ ಸ್ಟೀರಿಂಗ್ ಮುಟ್ಟದ ನನ್ನ ಅತ್ತೆ.

ನಮ್ಮದು ಇಳಕಲ್. ಇಲ್ಲಿಯ ಸೀರೆಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅತ್ತೆ ನಲವತ್ತು ವರ್ಷ ಮಗ್ಗದ ಕೆಲಸ ಮಾಡಿದವರು. ಈಗ ಕಣ್ಣು ಮಂಜಾಗಿದೆ, ಆದರೆ ಬೆರಳು ಮಂಜಾಗಿಲ್ಲ. ಇಂದು ನಮ್ಮ ಮನೆಯಲ್ಲಿ ಮಗ್ಗವಿಲ್ಲ. ಓಣಿಯ ಐದಾರು ನೇಕಾರ ಮನೆಗಳಿಂದ ಸೀರೆ ಪಡೆದು ಬಾಗಲಕೋಟೆ ಮತ್ತು ಬಾದಾಮಿಯ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಪತಿ ಮತ್ತು ಭಾವನವರ ಕಸುಬು. ಸೀರೆ ಮಾರಾಟವಾದ ಮೇಲೆಯೇ ನೇಕಾರರ ಕೈಗೆ ಹಣ ಬರುತ್ತದೆ. ಆದ್ದರಿಂದ ಗಂಟಿನಲ್ಲಿರುವುದು ನಮ್ಮ ಸೊತ್ತಲ್ಲ, ಬೇರೆಯವರ ಅನ್ನ.

ಈ ಗಂಟುಗಳನ್ನು ಹೊರುವುದು ನಮ್ಮ 2006ರ ಮಾರುತಿ 800. ನಡುತರಗತಿಯ ಎಷ್ಟೋ ಕುಟುಂಬಗಳಿಗೆ ಮೊದಲ ಕಾರು ಇದೇ ಆಗಿತ್ತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ನಾವು ಇದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡ್, 2015ರಲ್ಲಿ. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಿಕೊಂಡೆವು. ವಾರಕ್ಕೊಮ್ಮೆ ಇಳಕಲ್‌ನಿಂದ ಹೊರಟು ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ, ಅಲ್ಲಿಂದ ಬಾದಾಮಿ, ಮರಳುವಾಗ ಪಟ್ಟದಕಲ್ಲು ಮತ್ತು ಐಹೊಳೆಯ ದಾರಿ. ಇದು ಅದರ ಸುತ್ತು.

2023ರ ನವೆಂಬರ್‌ನಲ್ಲಿ ನನ್ನ ಪತಿ ಒಂದು ವಿಷಯ ಗಮನಿಸಿದರು. ಬಾನೆಟ್ಟಿನ ಕೆಳಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿರು ಕೂಲಂಟ್ ಪ್ರತಿ ಸುತ್ತಿನ ನಂತರ ಒಂದಿಷ್ಟು ಇಳಿದಿರುತ್ತಿತ್ತು. ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ ನೋಡಿದರು. ಬೆಳಿಗ್ಗೆ ಕಾಗದ ಒಣಗಿದ್ದಂತೆಯೇ ಇತ್ತು. ಒಂದು ಹನಿ ಕಲೆಯೂ ಇರಲಿಲ್ಲ. ಹಾಗಾದರೆ ನೀರು ಎಲ್ಲಿ ಹೋಯಿತು?

ಇಲ್ಲಿ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವಾಗ ಹುಟ್ಟುವ ಶಾಖದ ದೊಡ್ಡ ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಅದನ್ನು ಹೊರಹಾಕದಿದ್ದರೆ ಎಂಜಿನ್ ಬೆಂದುಹೋಗುತ್ತದೆ. ಆದ್ದರಿಂದ ಒಂದು ಪಂಪ್ ಎಂಜಿನ್ನಿನ ಸುತ್ತ ನೀರನ್ನು ಓಡಿಸುತ್ತಿರುತ್ತದೆ. ನೀರಿನ ಶಾಖ ಎಂಬತ್ತರಿಂದ ತೊಂಬತ್ತು ಡಿಗ್ರಿಯ ನಡುವೆ ತಲಪಿದಾಗ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಗಾಳಿಗೆ ತಣಿದ ನೀರು ಮತ್ತೆ ಎಂಜಿನ್ನಿಗೆ ಮರಳುತ್ತದೆ.

ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ನಮ್ಮ ಪ್ರೆಷರ್ ಕುಕ್ಕರಿನ ತತ್ವವೇ ಇಲ್ಲಿಯದೂ. ಮುಚ್ಚಳದ ಮೇಲೆ ಸಾಮಾನ್ಯವಾಗಿ 0.9 ಎಂದು ಬರೆದಿರುತ್ತದೆ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ಕೂಲಂಟ್ ಬೆರೆಸಿದರೆ ಕುದಿಯುವ ಮಟ್ಟ ಇನ್ನೂ ಮೇಲೇರುತ್ತದೆ ಮತ್ತು ಒಳಗಿನ ಲೋಹಕ್ಕೆ ತುಕ್ಕು ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಬಿಸಿಯಾದಾಗ ಮಾತ್ರ ಒತ್ತಡ ಇರುವುದರಿಂದ ಕೆಲವು ಸೋರಿಕೆಗಳು ಓಡುವಾಗ ಮಾತ್ರ ಆಗುತ್ತವೆ. ನಿಂತಾಗ ಮಾಯವಾಗುತ್ತವೆ. ಹೊರಬಂದ ಹನಿ ಬಿಸಿ ಎಂಜಿನ್ನಿನ ಮೇಲೆಯೇ ಆವಿಯಾದರೆ ನೆಲದ ಮೇಲೆ ಗುರುತು ಉಳಿಯುವುದಿಲ್ಲ. ವೃತ್ತಪತ್ರಿಕೆ ಒಣಗಿದ್ದರೆ ಸೋರಿಕೆ ಇಲ್ಲವೆಂದು ಅರ್ಥವಲ್ಲ.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ಒಂದು ಗ್ಯಾರೇಜಿನವರು ಬಾನೆಟ್ ತೆರೆದ ಐದು ನಿಮಿಷದಲ್ಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂದರು. ಅವರು ಹೇಳಿದ ಖರ್ಚು ಕೇಳಿ ಕಾರನ್ನು ಗುಜರಿಗೆ ಹಾಕುವ ಮಾತೂ ಮನೆಯಲ್ಲಿ ಬಂತು. ಇನ್ನೊಬ್ಬರು ರೇಡಿಯೇಟರನ್ನೇ ಬದಲಿಸಿ ಎಂದರು. ಲಾರಿ ಓಡಿಸುವ ಪರಿಚಯದವರೊಬ್ಬರು ಒಂದು ಹಿಡಿ ಅರಿಶಿಣ ಪುಡಿ ಹಾಕಲು ಹೇಳಿದರು. ಇದು ನಮ್ಮ ದೇಶದ ಚಾಲಕರ ಹಳೆಯ ಔಷಧಿ. ಪುಡಿ ನೀರಿನಲ್ಲಿ ಉಬ್ಬಿ ಸಣ್ಣ ತೂತನ್ನು ತಾತ್ಕಾಲಿಕವಾಗಿ ಮುಚ್ಚುವುದು ನಿಜ. ಆದರೆ ತೂತು ಯಾವುದು, ರೇಡಿಯೇಟರಿನ ಸಣ್ಣ ನಾಳ ಯಾವುದು ಎಂಬುದು ಅರಿಶಿಣಕ್ಕೆ ಗೊತ್ತಿಲ್ಲ. ಎರಡನ್ನೂ ಮುಚ್ಚುತ್ತದೆ. ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ ಊರು ಸೇರಲು ಅದು ನೆರವಾಗಬಹುದೇ ಹೊರತು ಅದೇ ಚಿಕಿತ್ಸೆಯಲ್ಲ. ನನ್ನ ಪತಿ ಒಪ್ಪಲಿಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಘಟನೆ ನಡೆಯಿತು. ಜನವರಿಯಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ. ಅದಕ್ಕೆ ಮುನ್ನ ಅಂಗಡಿಗಳವರು ಹೆಚ್ಚು ಸೀರೆ ತರಿಸಿಕೊಳ್ಳುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಕೊಟ್ಟ ಗಂಟಿನಿಂದ ಎರಡು ಸೀರೆಗಳನ್ನು ಅಂಗಡಿಯವರು ಹಿಂತಿರುಗಿಸಿದರು. ಸೆರಗಿನ ಅಂಚು ಒದ್ದೆಯಾಗಿ ಕೆಂಪು ಬಣ್ಣ ಹರಿದಿತ್ತು. ಎರಡೂ ಒಬ್ಬ ವಿಧವೆ ನೇಯ್ದ ಸೀರೆಗಳು.

ಗಂಟು ಕಟ್ಟಿ ಕಾರಿಗೆ ಏರಿಸುವ ಕೆಲಸ ಓಣಿಯ ಒಬ್ಬ ಹುಡುಗನದು. ವಯಸ್ಸು ಹತ್ತೊಂಬತ್ತು ಇರಬಹುದು. ತಂದೆಯಿಲ್ಲ. ಭಾವ ಅವನನ್ನು ಎಲ್ಲರೆದುರು ನಿಲ್ಲಿಸಿ, "ಒದ್ದೆ ನೆಲದ ಮೇಲೆ ಗಂಟು ಇಟ್ಟಿದ್ದೀಯಾ, ಇದನ್ನು ನಿನ್ನ ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆ" ಎಂದುಬಿಟ್ಟರು. ಹುಡುಗ "ನಾನು ಇಟ್ಟಿಲ್ಲ" ಎಂದು ಒಂದೇ ಮಾತು ಹೇಳಿದ. ಮರುದಿನ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನ ತಾಯಿ ನಮ್ಮ ಮನೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿ ನಡೆಯತೊಡಗಿದರು. ಒಂದು ಅನುಮಾನ ಎಷ್ಟು ಬೇಗ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ ನೋಡಿ!

ಹಿಂತಿರುಗಿ ಬಂದ ಸೀರೆಗಳು ಮತ್ತು ಅವುಗಳನ್ನು ಸುತ್ತಿದ್ದ ಬಟ್ಟೆ ಮೂರು ದಿನ ಮೂಲೆಯಲ್ಲಿದ್ದವು. ಅವುಗಳನ್ನು ಒಗೆಯಲು ಎತ್ತಿಕೊಂಡ ಅತ್ತೆ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. "ಇದು ನೀರಲ್ಲ" ಎಂದರು. "ನೀರಾಗಿದ್ದರೆ ಮೂರು ದಿನಕ್ಕೆ ಒಣಗಬೇಕಿತ್ತು. ಇದು ಇನ್ನೂ ಹಸಿಯಾಗಿದೆ, ಜಿಗುಟಾಗಿದೆ. ಪಾಕದ ವಾಸನೆ ಬರುತ್ತಿದೆ."

ಆ ವಾಸನೆ ಕಾರಿನಲ್ಲಿಯೂ ಇತ್ತು. ಅಮೀನಗಡ ಎಂದರೆ ಕರದಂಟಿಗೆ ಹೆಸರಾದ ಊರು. ಆ ದಾರಿಯಲ್ಲಿ ಬರುವವರು ಒಂದು ಪೊಟ್ಟಣವನ್ನಾದರೂ ತರುತ್ತಾರೆ. ಬೆಲ್ಲ, ಅಂಟಿನ ಆ ಸಿಹಿ ವಾಸನೆಯೇ ಕಾರಿನಲ್ಲಿ ಉಳಿದಿದೆ ಎಂದು ಭಾವನ ಮಕ್ಕಳು ನಗುತ್ತಿದ್ದರು. ಆದರೆ ಪೊಟ್ಟಣ ತರದ ವಾರವೂ ಆ ವಾಸನೆ ಇತ್ತು. ಮುಂದಿನ ಗಾಜಿನ ಒಳಬದಿಯಲ್ಲಿ ಎಣ್ಣೆ ಸವರಿದಂತೆ ಒಂದು ತೆಳುವಾದ ಪೊರೆ ಕಟ್ಟುತ್ತಿತ್ತು. ಒರೆಸಿದರೆ ಎರಡು ದಿನಕ್ಕೆ ಮತ್ತೆ ಬರುತ್ತಿತ್ತು. ಎಸಿಯ ನೀರಿರಬಹುದೇ? ಚಳಿಗಾಲದಲ್ಲಿ ನಾವು ಎಸಿ ಹಾಕಿರಲೇ ಇಲ್ಲ.

ಅತ್ತೆ ಹೇಳಿದ್ದರಲ್ಲಿ ವಿಜ್ಞಾನವಿದೆ. ಕೂಲಂಟಿನಲ್ಲಿರುವ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್. ಅದು ಕುದಿಯಲು ಸುಮಾರು 197 ಡಿಗ್ರಿ ಬೇಕು. ಆದ್ದರಿಂದ ಜೊತೆಗಿರುವ ನೀರು ಆರಿಹೋದರೂ ಅದು ಬಟ್ಟೆಯಲ್ಲಿ ಬಹಳ ದಿನ ಉಳಿಯುತ್ತದೆ. ಮುಟ್ಟಿದರೆ ಜಿಗುಟು. ಬಿಸಿಯಾಗಿ ಹೊರಬಂದಾಗ ಸಿಹಿ ವಾಸನೆ.

ಆ ದಿನದಿಂದ ನಾವು ಊಹೆ ಬಿಟ್ಟು ಲೆಕ್ಕ ಇಡಲು ತೀರ್ಮಾನಿಸಿದೆವು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾನು ನಾಲ್ಕು ಕಾಲಂ ಗೆರೆ ಹಾಕಿದೆ: ದಿನಾಂಕ, ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಕೂಲಂಟ್ ಸೇರಿಸಿದ್ದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ, ಒಂದೇ ಜಾಗದಲ್ಲಿ ಕಾರು ನಿಂತಿರುವಾಗ ಮಾತ್ರ ಅಳೆಯುವುದು. ಏಕೆಂದರೆ ಬಿಸಿಯಾದಾಗ ನೀರು ಹಿಗ್ಗಿ ಡಬ್ಬಿಗೆ ಬರುತ್ತದೆ, ತಣಿದಾಗ ಮರಳಿ ಒಳಗೆ ಹೋಗುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಡಬ್ಬಿಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದೆವು.

ಹತ್ತು ದಿನಗಳಲ್ಲಿ ಪುಸ್ತಕ ಮಾತನಾಡತೊಡಗಿತು. ಕಾರು ಎರಡು ದಿನ ಮನೆಯ ಮುಂದೆ ನಿಂತಾಗ ಗೆರೆ ಕದಲಲಿಲ್ಲ. ಹುನಗುಂದಕ್ಕೆ ಹೋಗಿ ಬಂದಾಗ ಕೂದಲೆಳೆಯಷ್ಟು ವ್ಯತ್ಯಾಸ. ಬಾದಾಮಿಯ ಪೂರ್ತಿ ಸುತ್ತು ಮುಗಿಸಿ ಬಂದಾಗ 150 ಮಿಲಿಲೀಟರ್. ಅಂದರೆ ಬಿಸಿ ಮತ್ತು ಒತ್ತಡ ಇದ್ದಷ್ಟು ಹೊತ್ತು ಮಾತ್ರ ನೀರು ಹೋಗುತ್ತಿದೆ.

ಈ ವ್ಯವಸ್ಥೆಯಿಂದ ನೀರು ಹೊರಹೋಗಲು ಇರುವ ದಾರಿಗಳು ಕೆಲವೇ. ಒಂದು, ಪೈಪು, ಪಂಪು, ರೇಡಿಯೇಟರಿನಿಂದ ಹೊರಕ್ಕೆ. ಹೀಗಾದರೆ ಆ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿಯಂತಹ ಕಲೆ ಉಳಿಯುತ್ತದೆ. ಎರಡು, ಮುಚ್ಚಳದ ರಬ್ಬರ್ ಸೋತು ಒತ್ತಡ ನಿಲ್ಲದೆ ಡಬ್ಬಿಯಿಂದ ಉಕ್ಕುವುದು. ಮೂರು, ಹೆಡ್ ಗ್ಯಾಸ್ಕೆಟ್ ಕೆಟ್ಟು ಎಂಜಿನ್ನಿನ ಒಳಕ್ಕೆ. ಹೀಗಾದರೆ ಆಯಿಲ್ ಹಾಲು ಬೆರೆಸಿದ ಚಹಾದಂತಾಗಬಹುದು, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರಬಹುದು, ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ಗುಳ್ಳೆಗಳು ಏಳುತ್ತಲೇ ಇರಬಹುದು. ನಾಲ್ಕನೆಯದನ್ನು ನಮ್ಮ ಕಡೆಯವರು ಮರೆತೇಬಿಡುತ್ತಾರೆ: ಹೀಟರ್.

ಬಿಸಿಲ ನಾಡಿನ ಕಾರಿನಲ್ಲಿ ಹೀಟರ್ ಏಕೆ ಎಂದು ನೀವು ಕೇಳಬಹುದು. ಬೇಕೋ ಬೇಡವೋ, ಕಂಪೆನಿಯವರು ಇಟ್ಟಿರುತ್ತಾರೆ. ಡ್ಯಾಶ್‌ಬೋರ್ಡಿನ ಒಳಗೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಎಂಜಿನ್ನಿನಿಂದ ಎರಡು ಪೈಪುಗಳು ಅದಕ್ಕೆ ಹೋಗುತ್ತವೆ. ನೀವು ಹೀಟರ್ ಗುಂಡಿಯನ್ನು ವರ್ಷಗಟ್ಟಲೆ ಮುಟ್ಟದಿದ್ದರೂ ಎಂಜಿನ್ನಿನ ಒತ್ತಡ ಅದರೊಳಗೂ ಇರುತ್ತದೆ. ಅದು ಸೋರಿದರೆ ನೀರು ರಸ್ತೆಗೆ ಬೀಳುವುದಿಲ್ಲ, ಕಾರಿನೊಳಗೆ ಬೀಳುತ್ತದೆ. ಕಾಲಡಿಯ ಕಾರ್ಪೆಟಿನ ಕೆಳಗಿರುವ ದಪ್ಪ ಹಾಸು ಅದನ್ನು ಹೀರಿಕೊಳ್ಳುತ್ತದೆ. ಎಡಬದಿಯ ಮುಂದಿನ ಸೀಟಿನ ಕಾಲಡಿಯಲ್ಲಿಯೇ ನಮ್ಮ ಕೊನೆಯ ಗಂಟು ಇರುತ್ತಿತ್ತು. ಗಂಟಿಲ್ಲದ ದಿನ ಅಲ್ಲಿ ನನ್ನ ಮಗಳ ಪಾದಗಳಿರುತ್ತಿದ್ದವು.

ನನ್ನ ಪತಿ ನೋಟ್‌ಬುಕ್ ಮತ್ತು ಆ ಬಟ್ಟೆಯ ತುಂಡನ್ನು ತೆಗೆದುಕೊಂಡು ಬಾಗಲಕೋಟೆಗೆ ಹೋದರು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿದ ಮೇಲೆ ಬೆಳೆದ ನವನಗರದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರು ಪುಸ್ತಕವನ್ನು ಪೂರ್ತಿ ಓದಿದರು. ಆಯಿಲ್ ನೋಡಿದರು, ಶುದ್ಧವಾಗಿತ್ತು. ಗುಳ್ಳೆಗಳಿರಲಿಲ್ಲ. ಹೊಸ ಮುಚ್ಚಳ ಹಾಕಿದರು. ಅನಂತರ ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂತಹ ಒಂದು ಉಪಕರಣ ಜೋಡಿಸಿ, ತಣ್ಣಗಿನ ಎಂಜಿನ್ನಿನಲ್ಲಿಯೇ 0.9ರ ಒತ್ತಡ ತುಂಬಿ ಚಹಾ ಕುಡಿಯುತ್ತಾ ಕುಳಿತರು. ಕಾಲು ಗಂಟೆಯಲ್ಲಿ ಮುಳ್ಳು ಮೆಲ್ಲಗೆ ಇಳಿದಿತ್ತು. ಬಾನೆಟ್ಟಿನ ಕೆಳಗೆ ಎಲ್ಲಿಯೂ ಒದ್ದೆಯಿರಲಿಲ್ಲ. ಎಡಬದಿಯ ಕಾರ್ಪೆಟ್ ಎತ್ತಿದಾಗ ಕೆಳಗಿನ ಹಾಸು ಹಿಂಡಿದರೆ ಹನಿಯುವಷ್ಟು ತೊಯ್ದಿತ್ತು. ತಗಡಿಗೆ ತುಕ್ಕು ಹಿಡಿದಿತ್ತು. ಮೇಲಿನಿಂದ ಹೀಟರಿನ ಪೈಪಿನ ಬುಡದಲ್ಲಿ ಒಂದೊಂದೇ ಹನಿ ಕಟ್ಟಿ ಬೀಳುತ್ತಿತ್ತು.

ಹೀಟರನ್ನು ಬಿಚ್ಚಿ ನೋಡಿದಾಗ ಒಳಗೆ ಬಿಳಿಯ ಗಟ್ಟಿ ಪದರ ಕಟ್ಟಿತ್ತು. ನಾವು ಕೊಳ್ಳುವ ಮೊದಲು ಕಾರಿಗೆ ಕೂಲಂಟಿನ ಬದಲು ಬೋರ್‌ವೆಲ್ಲಿನ ಸವಳು ನೀರು ಹಾಕಿರಬೇಕು ಎಂದು ಮೆಕ್ಯಾನಿಕ್ ಹೇಳಿದರು. ಸವಳು ನೀರು ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಎಂಜಿನ್ನಿನ ಒಳಗೂ ಹಾಗೆಯೇ. ಪದರದ ಅಡಿಯಲ್ಲಿ ಲೋಹ ತಿಂದುಹೋಗಿ ಸೂಜಿಮೊನೆಯಷ್ಟು ತೂತಾಗುತ್ತದೆ.

ಎರಡು ಪೈಪುಗಳನ್ನು ಬಿಡಿಸಿ ಒಂದಕ್ಕೊಂದು ಜೋಡಿಸಿ ಹೀಟರನ್ನು ದಾರಿಯಿಂದಲೇ ತಪ್ಪಿಸಿದರು. ಎಂಜಿನ್ ಬಿಚ್ಚಲು ಕೇಳಿದ ಹಣದ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಚಳಿ ಪ್ರದೇಶದವರು ಹೀಗೆ ಮಾಡುವಂತಿಲ್ಲ, ಅವರಿಗೆ ಹೊಸ ಹೀಟರೇ ಬೇಕು. ಎಂಜಿನ್ ಅತಿಯಾಗಿ ಬಿಸಿಯಾದಾಗ ಹೀಟರ್ ತೆರೆದರೆ ಸ್ವಲ್ಪ ಶಾಖ ಇಳಿಯುತ್ತದೆ. ಆ ಅನುಕೂಲವೂ ಇಲ್ಲವಾಗುತ್ತದೆ. ಇದನ್ನೆಲ್ಲ ತಿಳಿದೇ ನಾವು ಒಪ್ಪಿದೆವು. ಮುಂದಿನ ಮೂರು ವಾರ ಪುಸ್ತಕದ ಕೊನೆಯ ಕಾಲಮಿನಲ್ಲಿ ಸೊನ್ನೆಗಳೇ ಇದ್ದವು.

ಕಾರು ಸರಿಹೋಯಿತು. ಆದರೆ ಹುಡುಗ? ಬಾಗಲಕೋಟೆಯಿಂದ ಮರಳಿದ ಸಂಜೆಯೇ ಅತ್ತೆ ಭಾವನವರನ್ನು ಕರೆದು, "ನೀನು ಎಲ್ಲರೆದುರು ಹೇಳಿದ್ದೆ. ಈಗಲೂ ಎಲ್ಲರೆದುರೇ ಹೇಳಬೇಕು" ಎಂದರು. ಭಾವ ಮರುಮಾತಾಡಲಿಲ್ಲ. ತೊಯ್ದ ಹಾಸನ್ನು ಕೈಯಲ್ಲಿ ಹಿಡಿದು ಆ ಮನೆಗೆ ಹೋದರು. ಓಣಿಯ ನಾಲ್ಕು ಜನರಿದ್ದಾಗಲೇ ಹುಡುಗನ ಕೈ ಹಿಡಿದು ಕ್ಷಮೆ ಕೇಳಿದರು. ಹುಡುಗ ಏನೂ ಹೇಳಲಿಲ್ಲ. ಅವನ ತಾಯಿ ಅತ್ತರು. ಮರುದಿನ ಅವನು ಕೆಲಸಕ್ಕೆ ಬಂದ. ಎರಡು ಸೀರೆಗಳ ಪೂರ್ತಿ ಹಣವನ್ನು ಅತ್ತೆ ತಮ್ಮ ಉಳಿತಾಯದಿಂದ ಆ ನೇಕಾರ್ತಿಗೆ ಕೊಟ್ಟರು. ಆ ಸೀರೆಗಳನ್ನು ಈಗ ಮನೆಯಲ್ಲಿ ಅತ್ತೆಯೇ ಉಡುತ್ತಾರೆ.

ಓದುಗರೇ, ನಿಮಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡ ಹೋದೊಡನೆ ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿಯುವವರೆಗೆ ಕಾಯಿರಿ. ಬೋರ್‌ವೆಲ್ ನೀರು ಹಾಕಬೇಡಿ. ಕಂಪೆನಿ ಸೂಚಿಸಿದ ಕೂಲಂಟನ್ನು ಬ್ಯಾಟರಿಗೆ ಬಳಸುವಂತಹ ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿ ಹಾಕಿ.

ಕೂಲಂಟ್ ವಿಷ ಎಂಬುದನ್ನು ಮರೆಯಬೇಡಿ. ಅದರ ರುಚಿ ಸಿಹಿ, ಬಣ್ಣ ಶರಬತ್ತಿನದು. ಆದ್ದರಿಂದಲೇ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಅಪಾಯಕಾರಿ. ಹೊಟ್ಟೆ ಸೇರಿದರೆ ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿಗೆ ಸಂಬಂಧಿಸಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿದಾಗ, ಕೆಮ್ಮಿನ ಔಷಧಿಯಲ್ಲಿ ಬೆರೆತಿದ್ದ ವಿಷಗಳಲ್ಲಿ ಎಥಿಲೀನ್ ಗ್ಲೈಕಾಲ್ ಕೂಡಾ ಒಂದಾಗಿತ್ತು. ಸೋರಿದ್ದನ್ನು ಯಾವತ್ತೂ ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸಬೇಡಿ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಉಳಿದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಮೋರಿಗೆ ಚೆಲ್ಲಬೇಡಿ.

ಇನ್ನು ಮನೆಯಲ್ಲಿ ಏನಾದರೂ ಕಾಣೆಯಾದಾಗ, ಕೆಟ್ಟಾಗ, ಮೊದಲು ಒಂದು ಪುಸ್ತಕ ತೆರೆದು ಲೆಕ್ಕ ಬರೆಯಿರಿ. ಕಳೆದುಹೋದ ನೀರು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದು ಸಿಗುವ ಮೊದಲೇ ಎಂಜಿನ್ ಬಿಚ್ಚಿಸಿದರೆ ಹಣ ಹೋಗುತ್ತದೆ, ಮನುಷ್ಯನನ್ನು ದೂರಿದರೆ ಹೋಗುವುದು ಅದಕ್ಕಿಂತ ದೊಡ್ಡದು. ಮನೆಯ ಹಿರಿಯರು "ಇದು ನೀರಲ್ಲ" ಎಂದಾಗ ಒಂದು ಕ್ಷಣ ನಿಂತು ಕೇಳಿ. ಮತ್ತು ನಿಮ್ಮಲ್ಲಿ ಹಳೆಯ ಕಾರಿದ್ದರೆ ನಾಳೆ ಬೆಳಿಗ್ಗೆ ಒಮ್ಮೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕೆಳಗೆ ಕೈಯಿಟ್ಟು ನೋಡಿ.